ಅಂತಿಯೋಕ್ಯದ ಪಂಕ್ತಿಯಿಂದ ಎದ್ದವರು

ಕ್ರೈಸ್ತಧರ್ಮದ ಹುಟ್ಟಿನ ಮಾತು ಬಂದಾಗ ನಮ್ಮವರ ಬಾಯಿಂದ ಒಂದು ವಾಕ್ಯ ತಪ್ಪದೆ ಬರುತ್ತದೆ: ಪ್ರವಾದಿ ಈಸಾ(ಅ) ತಂದ ದೀನನ್ನು ಪೌಲ ಬಂದು ಕೆಡಿಸಿದ. ಉರ್ದು ಶಾಲೆಯ ದಿನಗಳಲ್ಲಿ ನಾವೂ ಇದನ್ನು ಕೇಳಿ, ತಲೆದೂಗಿ, ಇನ್ನೊಬ್ಬರಿಗೆ ದಾಟಿಸಿದವರೇ. ಹಾಗೆ ದಾಟಿಸುವಾಗ ಪೌಲನ ಒಂದು ಪತ್ರವನ್ನೂ ತೆರೆದು ನೋಡಿರಲಿಲ್ಲ. ಪೇತ್ರನ ಹೆಸರು ಕೂಡ ನಮಗೆ ಬಂದದ್ದು ಇಂಜೀಲಿನಿಂದಲ್ಲ, ಉರ್ದುವಿನ ಹಾಸ್ಯ ಬರಹಗಾರ ಪತರಸ್ ಬುಖಾರಿಯ ಕಾವ್ಯನಾಮದಿಂದ. ಪತರಸ್ ಎಂದರೆ ಪೇತ್ರನೇ ಎಂದು ತಿಳಿಯಲು ಎಷ್ಟೋ ವರ್ಷ ಬೇಕಾಯಿತು.

ಹೊಸ ಒಡಂಬಡಿಕೆಯ ಎರಡು ಬರಹಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದ ಮೇಲೆ ಆ ವಾಕ್ಯವನ್ನು ಮೊದಲಿನ ಧೈರ್ಯದಿಂದ ಹೇಳಲು ನಮಗೆ ಆಗುತ್ತಿಲ್ಲ. ಒಂದು, ಪೌಲ ಗಲಾತ್ಯದವರಿಗೆ ಬರೆದ ಪತ್ರ. ಇನ್ನೊಂದು, ಲೂಕನದೆಂದು ಹೇಳಲಾಗುವ 'ಅಪೊಸ್ತಲರ ಕೃತ್ಯಗಳು'. ಪತ್ರ ಕ್ರಿ.ಶ. 50ರ ಆಸುಪಾಸಿನದು, ಕೃತ್ಯಗಳು ಅದಕ್ಕಿಂತ ಒಂದು ತಲೆಮಾರು ಈಚಿನದು ಎಂಬುದು ಹೆಚ್ಚಿನ ವಿದ್ವಾಂಸರ ಮತ. ನಾಲ್ಕು ಸುವಾರ್ತೆಗಳಿಗಿಂತಲೂ ಪೌಲನ ಪತ್ರಗಳೇ ಹಳೆಯವು. ಇದು ಮೊದಲ ಬಾರಿ ತಿಳಿದಾಗ ಸ್ವಲ್ಪ ದಿಗಿಲಾಯಿತು. ಕೆಡಿಸಿದವನೆಂದು ನಾವು ಕರೆಯುವವನೇ ಬರಹದಲ್ಲಿ ಉಳಿದ ಮೊದಲ ಸಾಕ್ಷಿ!

ಪತ್ರದ ಎರಡನೆಯ ಅಧ್ಯಾಯದಲ್ಲಿ ಒಂದು ಜಗಳವಿದೆ. ನಡೆದದ್ದು ಅಂತಿಯೋಕ್ಯದಲ್ಲಿ, ರೋಮ್ ಮತ್ತು ಅಲೆಕ್ಸಾಂಡ್ರಿಯಗಳನ್ನು ಬಿಟ್ಟರೆ ಅಂದಿನ ಸಾಮ್ರಾಜ್ಯದ ದೊಡ್ಡ ನಗರ, ಇಂದಿನ ತುರ್ಕಿಯ ಅಂತಾಕ್ಯ. ಸೂರಃ ಯಾಸೀನ್‌ನಲ್ಲಿ ಮೂವರು ದೂತರು ಹೋದ ಊರು ಇದೇ ಎಂದು ನಮ್ಮ ಹಲವು ತಫ್ಸೀರ್‌ಗಳು ಹೇಳುತ್ತವೆ. ಇಬ್ನ್ ಕಸೀರ್ ಮಾತ್ರ ಇದನ್ನು ಒಪ್ಪಲು ಹಿಂಜರಿದರು. ಯೇಸುವಿನ ಅನುಯಾಯಿಗಳಿಗೆ 'ಕ್ರೈಸ್ತರು' ಎಂಬ ಹೆಸರು ಮೊದಲು ಬಿದ್ದದ್ದು ಅಲ್ಲಿಯೇ ಎಂದು ಲೂಕ ಬರೆಯುತ್ತಾನೆ. ಆ ಊರಿನಲ್ಲಿ ಯೆಹೂದಿ ವಿಶ್ವಾಸಿಗಳೂ ಯೆಹೂದ್ಯರಲ್ಲದ ವಿಶ್ವಾಸಿಗಳೂ ಜೊತೆಗೆ ಕೂತು ಉಣ್ಣುತ್ತಿದ್ದರು. ಪೇತ್ರನೂ ಕೂತ. ಅಷ್ಟರಲ್ಲಿ ಯೆರೂಸಲೇಮಿನಿಂದ, ಯೇಸುವಿನ ಸಹೋದರನೆಂದು ಕರೆಯಲ್ಪಡುವ ಯಾಕೋಬನ ಕಡೆಯವರು ಬಂದರು. ಪೇತ್ರ ಮೆಲ್ಲಗೆ ಹಿಂದೆ ಸರಿದ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು. ಕೊನೆಗೆ ಪೌಲನ ಜೊತೆಗಾರ ಬಾರ್ನಬನೂ ಎದ್ದ. ಪೌಲ ಎಲ್ಲರೆದುರು ಪೇತ್ರನನ್ನು ಮುಖಕ್ಕೆ ಮುಖ ಕೊಟ್ಟು ಆಕ್ಷೇಪಿಸಿದ.

ಆಮೇಲೆ? ಪೌಲ ತಾನು ಆಡಿದ್ದನ್ನು ಬರೆಯುತ್ತಾನೆ. ಪೇತ್ರ ಏನೆಂದ ಎಂಬುದನ್ನು ಬರೆಯುವುದಿಲ್ಲ. ಗೆದ್ದವನು ಗೆಲುವನ್ನು ಹೇಳದೆ ಬಿಡುತ್ತಾನೆಯೇ? ಅಂದು ಪೌಲ ಸೋತಿರಬೇಕೆಂದು ಹಲವು ವಿದ್ವಾಂಸರು ಊಹಿಸಿದ್ದಾರೆ. ಕತೆ ಬರೆಯುವ ನಮಗೂ ಹಾಗೆಯೇ ಅನಿಸುತ್ತದೆ.

ಇನ್ನು ಲೂಕನ ಪುಟಗಳಿಗೆ ಬರೋಣ. ಹದಿನೈದನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಸಭೆ ಇದೆ. ಹೊರಗಿನಿಂದ ಬಂದವರಿಗೆ ಸುನ್ನತಿ ಬೇಡ. ವಿಗ್ರಹಕ್ಕಿಟ್ಟದ್ದು, ವ್ಯಭಿಚಾರ, ಕುತ್ತಿಗೆ ಹಿಸುಕಿ ಕೊಂದದ್ದು, ರಕ್ತ, ಇವಿಷ್ಟನ್ನು ಬಿಟ್ಟರೆ ಸಾಕು ಎಂದು ಯಾಕೋಬ ತೀರ್ಮಾನ ಕೊಡುತ್ತಾನೆ. ಎಲ್ಲರಿಗೂ ಸಮಾಧಾನ. ಆದರೆ ಅಂತಿಯೋಕ್ಯದ ಪಂಕ್ತಿಯ ಸುದ್ದಿಯೇ ಇಲ್ಲ. ಪೌಲ ಮತ್ತು ಬಾರ್ನಬ ಮುನಿಸಿಕೊಂಡು ಬೇರೆಯಾದದ್ದು ನಿಜ, ಆದರೆ ಅದು ಮಾರ್ಕನನ್ನು ಪ್ರಯಾಣಕ್ಕೆ ಕರೆದೊಯ್ಯಬೇಕೋ ಬೇಡವೋ ಎಂಬ ವಿಷಯಕ್ಕೆ ಎನ್ನುತ್ತಾನೆ ಲೂಕ. ಮನೆಯ ದೊಡ್ಡ ಜಗಳವನ್ನು ಮುಚ್ಚಲು ಸಣ್ಣದೊಂದನ್ನು ಮುಂದಿಡುವ ಉಪಾಯ ನಮಗೆ ಹೊಸದಲ್ಲ. ಲೂಕ ಜಿಪುಣ ಬರಹಗಾರನೂ ಅಲ್ಲ. ಪೌಲನ ಮನಪರಿವರ್ತನೆಯನ್ನು ಮೂರು ಬಾರಿ ಹೇಳುತ್ತಾನೆ. ರೋಮನ್ ಸೇನಾಧಿಕಾರಿ ಕೊರ್ನೇಲ್ಯನ ಮನೆಗೆ ಪೇತ್ರ ಹೋದದ್ದನ್ನು ಎರಡು ಬಾರಿ. ಜಾಗ ಸಾಲದೆ ಬಿಟ್ಟದ್ದು ಎನ್ನುವಂತಿಲ್ಲ.

ಯಾಕೋಬನ ಕಡೆಯಿಂದ ಬಂದವರಿಗೆ ಪೌಲನ ಪತ್ರದಲ್ಲಿ ಹೆಸರಿಲ್ಲ, ಮಾತಿಲ್ಲ. ಬಂದರು, ಪಂಕ್ತಿ ಮುರಿಯಿತು, ಅಷ್ಟೇ. ಅವರನ್ನು ಸಂಕುಚಿತರೆಂದು ತಳ್ಳಿಹಾಕುವುದು ಸುಲಭ. ಆದರೆ ಆ ನಗರಕ್ಕೆ ಹೆಸರು ಬಂದದ್ದು ಸೆಲ್ಯೂಕಿಡ್ ರಾಜಮನೆತನದಿಂದ. ಅದೇ ಮನೆತನದ ನಾಲ್ಕನೆಯ ಅಂತಿಯೋಕ ಕ್ರಿ.ಪೂ. 167ರ ಹೊತ್ತಿಗೆ ತೌರಾತಿನ ಆಚರಣೆಗಳನ್ನೇ ನಿಷೇಧಿಸಿದ್ದ. ಹಂದಿಮಾಂಸ ತಿನ್ನಲು ಒಪ್ಪದೆ ಪ್ರಾಣಕೊಟ್ಟ ಮುದುಕ ಎಲ್ಯಾಜರನ, ಏಳು ಮಕ್ಕಳ ಮತ್ತು ಅವರ ತಾಯಿಯ ಕತೆ ಮಕ್ಕಬಿಯರ ಎರಡನೆಯ ಗ್ರಂಥದಲ್ಲಿದೆ. ಆ ಕತೆ ಕೇಳಿ ಬೆಳೆದವರಿಗೆ ಊಟದ ನಿಯಮ ಬರೀ ಮಡಿವಂತಿಕೆಯಲ್ಲ. ಹಿರಿಯರು ಪ್ರಾಣ ತೆತ್ತು ಉಳಿಸಿಕೊಟ್ಟ ಆಸ್ತಿ. ತಟ್ಟೆಯ ಮುಂದೆ ಕೂತು 'ಕೊಯ್ದವರು ಯಾರು?' ಎಂದು ಪಿಸುದನಿಯಲ್ಲಿ ಕೇಳಿ ಗೊತ್ತಿರುವ ನಮಗೆ ಅವರ ಅಳುಕು ಅರ್ಥವಾಗಬೇಕು. ನಾವು ಬಂದು ಕೂತದ್ದೇ ತಡ, ಪಕ್ಕದವರು ಏನೋ ನೆನಪಾದಂತೆ ಎದ್ದುಹೋದದ್ದನ್ನೂ ನಾವು ಕಂಡಿದ್ದೇವೆ. ಹಾಗಾಗಿ ಪೌಲನ ಸಿಟ್ಟೂ ಅರ್ಥವಾಗುತ್ತದೆ. ನಂಬಿಕೆಯಲ್ಲಿ ನೀನು ನಮ್ಮವನೇ, ಊಟಕ್ಕೆ ಮಾತ್ರ ಆಚೆ ಕೂರು ಎನ್ನುವುದು ಅವನಿಗೆ ಸಹಿಸಲಾಗಲಿಲ್ಲ.

ಶಿಲುಬೆಯ ವಿಷಯದಲ್ಲಿ, ದೇವಪುತ್ರತ್ವದ ವಿಷಯದಲ್ಲಿ ಪೌಲನಿಗೂ ನಮಗೂ ಇರುವ ಭಿನ್ನಮತ ಅಳಿಯುವಂಥದ್ದಲ್ಲ, ಅಳಿಸಬೇಕಾಗಿಯೂ ಇಲ್ಲ. ಆದರೆ ಪಂಕ್ತಿಯ ಪ್ರಶ್ನೆ ನಮ್ಮ ಗ್ರಂಥದಲ್ಲೂ ಇದೆ. ಸೂರಃ ಮಾಇದಃ ಹೆಸರು ಪಡೆದದ್ದೇ ಹವಾರಿಗಳು, ಅಂದರೆ ಈಸಾ(ಅ)ರ ಶಿಷ್ಯರು, ಆಕಾಶದಿಂದ ಬೇಡಿದ ಊಟದ ಹಾಸಿನಿಂದ. ಅದರ ಮೂರನೆಯ ಆಯತ್ ನಿಷೇಧಿಸುವವುಗಳಲ್ಲಿ ರಕ್ತ, ಉಸಿರುಕಟ್ಟಿ ಸತ್ತದ್ದು, ಅಲ್ಲಾಹನದಲ್ಲದ ಹೆಸರಿಗೆ ಅರ್ಪಿಸಿದ್ದು ಇವೆ. ಯಾಕೋಬನ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿಂದ ಎರಡು ಆಯತ್ ಕೆಳಗೆ, ಗ್ರಂಥದವರ ಆಹಾರ ನಮಗೂ ನಮ್ಮದು ಅವರಿಗೂ ಸಮ್ಮತ ಎಂದಿದೆ. ನಿಯಮವೂ ಉಳಿಯಿತು, ಪಂಕ್ತಿಯೂ ಉಳಿಯಿತು.

ಇಷ್ಟೆಲ್ಲ ಇರುವಾಗ ನಮ್ಮವರ ಕೈಯಲ್ಲಿ ಓಡಾಡುವುದು ಬೇರೆಯೇ ಪುಸ್ತಕ: 'ಬರ್ನಬಾಸ್‌ನ ಇಂಜೀಲ್'. ಉರ್ದುವಿನಲ್ಲಿ ಸುಲಭವಾಗಿ ಸಿಗುತ್ತದೆ. ನಮಗೆ ಬೇಕಾದ್ದನ್ನೆಲ್ಲ ಹೇಳುತ್ತದೆ, ಪೌಲನನ್ನು ಹೆಸರು ಹಿಡಿದು ಬಯ್ಯುತ್ತದೆ. ಅದಕ್ಕೇ ಅನುಮಾನ ಬರಬೇಕಿತ್ತು. ಇದರ ಪೂರ್ಣ ಹಸ್ತಪ್ರತಿ ವಿಯೆನ್ನಾದಲ್ಲಿರುವ ಇಟಾಲಿಯನ್ ಪ್ರತಿ, ಸುಮಾರು 16ನೆಯ ಶತಮಾನದ್ದು. ಅದರಲ್ಲಿ ಈಸಾ(ಅ) ದೋಣಿಯೇರಿ ನಜರೇತಿಗೆ ಹೋಗುತ್ತಾರೆ. ನಜರೇತು ಇರುವುದು ಬೆಟ್ಟದ ನಡುವೆ. ತೌರಾತಿನಲ್ಲಿ 50 ವರ್ಷಕ್ಕೊಮ್ಮೆ ಬರುವ ಜ್ಯೂಬಿಲಿ ಅದರಲ್ಲಿ 100 ವರ್ಷಕ್ಕೊಮ್ಮೆ ಬರುತ್ತದೆ. ಹಾಗೆ ಘೋಷಿಸಿದ್ದು 1300ರಲ್ಲಿ ಪೋಪ್ ಎಂಟನೆಯ ಬೋನಿಫೇಸ್. ಬರೆದವನು ತನ್ನನ್ನು ಹನ್ನೆರಡು ಶಿಷ್ಯರಲ್ಲಿ ಸೇರಿಸಿಕೊಳ್ಳುತ್ತಾನೆ. ಲೂಕನ ಬಾರ್ನಬನಾದರೋ ಸೈಪ್ರಸ್‌ನ ಲೇವಿಯನು, ತನ್ನ ಹೊಲ ಮಾರಿ ಹಣವನ್ನು ಸಮುದಾಯಕ್ಕೆ ಒಪ್ಪಿಸಿದವನು, ಹನ್ನೆರಡರಲ್ಲಿ ಒಬ್ಬನಲ್ಲ. ಸ್ನೇಹಿತ ಒಂದು ಕಡೆ, ಸ್ವಂತ ಜನ ಇನ್ನೊಂದು ಕಡೆ ಇರುವಾಗ ತಟ್ಟೆ ಬಿಟ್ಟು ಎದ್ದ ಆ ಮನುಷ್ಯನನ್ನು ಬಿಟ್ಟು ಈ ನಕಲಿಯನ್ನು ಎತ್ತಿಕೊಂಡಿದ್ದೇವಲ್ಲ! ನಮ್ಮ ವಾದಕ್ಕೆ ಅನುಕೂಲವೆಂದು ಖೋಟಾ ದಾಖಲೆಯನ್ನು ಮುಂದಿಡುವುದು ಸುಳ್ಳುಸಾಕ್ಷಿ; ನಮ್ಮ ದೀನ್ ಅದನ್ನು ಮಹಾಪಾಪಗಳಲ್ಲಿ ಎಣಿಸುತ್ತದೆ.

ಯಾಕೋಬನಿಗೆ ಮುಂದೆ ಏನಾಯಿತೆಂದು ಲೂಕ ಹೇಳುವುದಿಲ್ಲ. 62ರಲ್ಲಿ ಮಹಾಯಾಜಕ ಅನ್ನಾನನು ಅವನನ್ನು ಕಲ್ಲೆಸೆದು ಕೊಲ್ಲಿಸಿದನೆಂದು ಬರೆದವನು ಯೆಹೂದಿ ಇತಿಹಾಸಕಾರ ಜೋಸೆಫಸ್. 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದರು. ಪಂಕ್ತಿಯಿಂದ ಎದ್ದವರ ಕಡೆ ಕ್ಷೀಣಿಸುತ್ತ ಹೋಯಿತು. ಕೂತವರ ಕಡೆ ರೋಮನ್ ರಸ್ತೆಗಳನ್ನು ಹಿಡಿದು ಹರಡಿತು. ಲೂಕನ ನಿಜವಾದ ಶಕ್ತಿ ಕಾಣುವುದು ಈ ರಸ್ತೆಗಳಲ್ಲಿ: ಫಿಲಿಪ್ಪಿಯಲ್ಲಿ ನೇರಳೆ ಬಟ್ಟೆ ಮಾರುವ ಲುದ್ಯ, ಕೊರಿಂಥದಲ್ಲಿ ಗುಡಾರ ಹೊಲಿಯುವ ಅಕ್ವಿಲ ಮತ್ತು ಪ್ರಿಸ್ಕಿಲ್ಲ, ಅವರ ಕಸುಬಿನ ಮನೆಯಲ್ಲೇ ತಂಗಿ ದುಡಿದು ಉಂಡ ಪೌಲ.

ಸುಮಾರು 112ರಲ್ಲಿ ಕಪ್ಪುಸಮುದ್ರದ ದಡದ ಬಿಥುನ್ಯ ಪ್ರಾಂತ್ಯದ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಒಂದು ಪತ್ರ ಬರೆದ. ಈ ಕ್ರೈಸ್ತರು ಗೊತ್ತಾದ ದಿನ ನಸುಕಿನಲ್ಲಿ ಸೇರುತ್ತಾರೆ, ಮತ್ತೆ ಕೂಡಿ ಊಟ ಮಾಡುತ್ತಾರೆ, ಆ ಊಟ ಸಾಮಾನ್ಯವಾದದ್ದೇ ಎಂದು ವಿಚಾರಣೆಯಲ್ಲಿ ಅವನಿಗೆ ತಿಳಿಯಿತು. ಸಂಘಗಳ ಮೇಲೆ ನಿಷೇಧ ಬಂದ ಮೇಲೆ ಅದನ್ನೂ ನಿಲ್ಲಿಸಿದ್ದರಂತೆ. ಇನ್ನೂ ಏನಾದರೂ ಇದೆಯೋ ಎಂದು ಅವರ ಸಭೆಯಲ್ಲಿ ಸೇವೆ ಮಾಡುತ್ತಿದ್ದ ಇಬ್ಬರು ಗುಲಾಮ ಹೆಂಗಸರನ್ನು ಹಿಂಸಿಸಿ ಕೇಳಿದ. ಮೂಢನಂಬಿಕೆಯಲ್ಲದೆ ಬೇರೇನೂ ಸಿಗಲಿಲ್ಲ ಎಂದು ಬರೆದಿದ್ದಾನೆ. ಆ ಹೆಂಗಸರ ಹೆಸರನ್ನು ಬರೆದಿಲ್ಲ.