ಯಾವ ದಿನದ ಬಣ್ಣ?

ಹಳೆಯ ಕಾರುಗಳನ್ನು ಹುಡುಕಿಕೊಂಡು ಭಾರತಕ್ಕೆ ಬಂದಿದ್ದ ಪೀಟರ್ ವಾಷರ್ ಎಂಬ ಇಂಗ್ಲೆಂಡಿನವರಿಗೆ 1982ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲಿ ಒಂದು ಯುದ್ಧವಿಮಾನ ಕಣ್ಣಿಗೆ ಬಿತ್ತು. ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿದ್ದ ಹಾಕರ್ ಹರಿಕೇನ್ ಅದು. ಅದರ ಕ್ರಮಸಂಖ್ಯೆ ಆರ್ 4118. ವರ್ಷಗಟ್ಟಲೆ ಪತ್ರ ಬರೆದು, ಕಾದು, ಕೊನೆಗೆ 2001ರಲ್ಲಿ ಅವರು ಅದನ್ನು ಇಂಗ್ಲೆಂಡಿಗೆ ಸಾಗಿಸಿದರು. 2004ರ ಡಿಸೆಂಬರಿನಲ್ಲಿ ಅದು ಮತ್ತೆ ಹಾರಿತು. ಈ ಸಾಹಸವನ್ನು ವಾಷರ್ ಪುಸ್ತಕವಾಗಿಯೂ ಬರೆದಿದ್ದಾರೆ. ನನ್ನ ಕುತೂಹಲ ಇರುವುದು ಹಾರಾಟದಲ್ಲಲ್ಲ, ಅದಕ್ಕೆ ಬಳಿದ ಬಣ್ಣದಲ್ಲಿ.

ಈಗ ಆರ್ 4118ರ ಮೈಮೇಲೆ 605ನೇ ಸ್ಕ್ವಾಡ್ರನ್ನಿನ ‘ಯುಪಿ-ಡಬ್ಲ್ಯೂ’ ಅಕ್ಷರಗಳಿವೆ. 1940ರ ಶರತ್ಕಾಲದಲ್ಲಿ, ಬ್ಯಾಟಲ್ ಆಫ್ ಬ್ರಿಟನ್ ನಡೆಯುತ್ತಿದ್ದಾಗ, ಲಂಡನ್ನಿನ ದಕ್ಷಿಣದ ಕ್ರಾಯ್ಡನ್‌ನಿಂದ ಅದು ಹೊತ್ತು ಹಾರಿದ ಗುರುತು ಅದೇ. ಆ ಯುದ್ಧದಲ್ಲಿ ಅದು 49 ಬಾರಿ ಕಾರ್ಯಾಚರಣೆಗೆ ಹೊರಟಿತ್ತು. ಮೇಲ್ಮೈಗೆ ಕಡು ಹಸಿರು ಮತ್ತು ಮಣ್ಣಿನ ಕಂದು, ಮೈಯ ಪಕ್ಕದ ವರ್ತುಲ ಲಾಂಛನಕ್ಕೆ ಹಳದಿ ಅಂಚು. ಹೊರಗಿನವರಿಗೆ ಇವು ಚಿಲ್ಲರೆ ವಿವರಗಳಂತೆ ಕಾಣಬಹುದು. ಆದರೆ ಬ್ರಿಟಿಷ್ ಯುದ್ಧವಿಮಾನಗಳ ಕೆಳಮೈ ಅರ್ಧ ಕಪ್ಪು, ಅರ್ಧ ಬಿಳಿ ಇದ್ದದ್ದು 1940ರ ಬೇಸಿಗೆಯವರೆಗೆ ಮಾತ್ರ; ಬಾಲದ ಬಳಿಯ ತಿಳಿಬಣ್ಣದ ಪಟ್ಟಿ ಬಂದದ್ದು ಅದೇ ವರ್ಷದ ನವೆಂಬರ್ ಕೊನೆಗೆ. ಸೆಪ್ಟೆಂಬರಿನ ವಿಮಾನಕ್ಕೆ ಆ ಪಟ್ಟಿ ಹಾಕಿದರೆ ಅದು ಕಾಲವಿರೋಧ. ಹಳಗನ್ನಡ ಪದ್ಯದೊಳಗೆ ನಡುಗನ್ನಡದ ಪ್ರತ್ಯಯ ನುಸುಳಿದಾಗ ನಾವು ಹೇಗೆ ತಡೆದು ನಿಲ್ಲುತ್ತೇವೋ, ಈ ಕ್ಷೇತ್ರದವರೂ ಹಾಗೆಯೇ ತಡೆದು ನಿಲ್ಲುತ್ತಾರೆ.

ಈ ನಿಷ್ಠೆಯನ್ನು ನಾನು ಗೇಲಿ ಮಾಡಲಾರೆ. 1940ರಲ್ಲಿ ಇದೇ ವಿಮಾನವನ್ನು ಹಾರಿಸಿದ್ದ ಬಾಬ್ ಫಾಸ್ಟರ್, ಅದು ಮತ್ತೆ ಆಕಾಶಕ್ಕೇರಿದಾಗ ಬದುಕಿದ್ದರು. ಅಂಥವರ ಮುಂದೆ ತಪ್ಪು ಅಕ್ಷರ ಬರೆದು ನಿಲ್ಲಿಸುವುದು ಬರಿಯ ಅಜ್ಞಾನವಲ್ಲ, ಅಗೌರವ. ಇಷ್ಟಾಗಿಯೂ ಒಂದು ಪ್ರಶ್ನೆ ಉಳಿಯುತ್ತದೆ. ಕ್ರಾಯ್ಡನ್ನಿನ ಹೋರಾಟ ಕೆಲವೇ ವಾರಗಳದ್ದು. ಬೇರೆ ಘಟಕಗಳಲ್ಲಿ ದುಡಿದ ಮೇಲೆ ಅದನ್ನು ತರಬೇತಿಗೆಂದು ಭಾರತಕ್ಕೆ ಕಳಿಸಿದರು. 1947ರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕಲಿಕೆಗಾಗಿ ಬನಾರಸಿಗೆ ಕೊಟ್ಟರು. ಅಲ್ಲಿ ಅದು 54 ವರ್ಷ ಇತ್ತು. ಅದರ ಆಯುಸ್ಸಿನ ಬಹುಪಾಲು ಕಳೆದದ್ದು ಅಲ್ಲೇ. ‘ಚಾರಿತ್ರಿಕವಾಗಿ ನಿಖರ’ ಎನ್ನುವ ಬಣ್ಣ ಮುಚ್ಚಿರುವುದು ಈ ಬಹುಪಾಲನ್ನು.

ಇದನ್ನು ಸುಲಭದ ವಸಾಹತು ದೂರಾಗಿಸಲು ನನಗೆ ಇಷ್ಟವಿಲ್ಲ. ಹರಿಕೇನಿಗೆ ಭಾರತೀಯರ ಯುದ್ಧಕಥೆಯೂ ಇದೆ, ನಿಜ. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ನೇತೃತ್ವದ 1ನೇ ಸ್ಕ್ವಾಡ್ರನ್ ಹಾರಿಸಿದ್ದು ಹರಿಕೇನ್‌ಗಳನ್ನೇ. ಜಪಾನಿನ ಕೆಂಪು ಸೂರ್ಯನೊಂದಿಗೆ ಗೊಂದಲವಾಗಬಾರದೆಂದು ಈ ಭಾಗದ ವಿಮಾನಗಳ ಲಾಂಛನದಿಂದ ಕೆಂಪನ್ನೇ ತೆಗೆದಿದ್ದರು. ಆದರೆ ಆರ್ 4118 ಆ ಯುದ್ಧದಲ್ಲಿ ಕಾದಾಡಿದ್ದಲ್ಲ. ಅದಕ್ಕೆ ಬರ್ಮಾ ರಣರಂಗದ ನೀಲಿ-ಬಿಳಿ ಬಳಿದರೆ ಒಂದು ಮರೆವಿನ ಜಾಗಕ್ಕೆ ಒಂದು ಸುಳ್ಳು ಬರುತ್ತದೆ, ಅಷ್ಟೆ.

ಬೇರೆ ವಿಮಾನಗಳೊಡನೆ ಇಟ್ಟು ನೋಡಿದರೆ ಸಮಸ್ಯೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಬ್ರಿಟನ್ನಿನ ವಾಯುಪಡೆಯ ಸ್ಮಾರಕ ಪಡೆಯಲ್ಲಿರುವ ಸ್ಪಿಟ್‌ಫೈರ್ ಪಿ 7350 ಸ್ವತಃ 1940ರ ಯುದ್ಧ ಕಂಡದ್ದು. ಆದರೂ ಕೆಲವು ವರ್ಷಗಳಿಗೊಮ್ಮೆ ದೊಡ್ಡ ದುರಸ್ತಿಯಾದಾಗ ಅದಕ್ಕೆ ಬೇರೊಬ್ಬ ಪೈಲಟ್‌ನ ವಿಮಾನದ ಗುರುತು ಬಳಿಯುತ್ತಾರೆ. ಭಾರತೀಯ ವಾಯುಪಡೆ 2018ರಲ್ಲಿ ಸೇರಿಸಿಕೊಂಡ ಡಕೋಟಾ ‘ಪರಶುರಾಮ’ನ ಬಾಲದ ಮೇಲಿನ ಸಂಖ್ಯೆ ವಿಪಿ 905. ಅದು 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಹೊತ್ತೊಯ್ದ ಡಕೋಟಾದ ಸಂಖ್ಯೆ. ಈ ವಿಮಾನ ಮಾತ್ರ ಬೇರೆ. ಒಂದು ವೇಷ ಬದಲಿಸುತ್ತದೆ, ಇನ್ನೊಂದು ಹೆಸರು ಕಡ ತಂದಿದೆ. ಇವೆರಡೂ ನೋಡುಗರಿಗೆ ‘ನಾನು ಅವರ ನೆನಪಿಗಾಗಿ ಇದ್ದೇನೆ’ ಎನ್ನುತ್ತವೆ. ಆರ್ 4118 ಹೇಳುವುದು ‘ನಾನೇ ಅದು’ ಎಂದು. ಹೀಗಾಗಿ ಮೂರರಲ್ಲಿ ಹೆಚ್ಚು ಪ್ರಾಮಾಣಿಕವಾದದ್ದೇ ನಮ್ಮನ್ನು ಹೆಚ್ಚು ಸಲೀಸಾಗಿ ನಂಬಿಸಿಬಿಡುತ್ತದೆ. ನಡುವೆ ಏನಾಯಿತೆಂದು ಕೇಳಲು ಅದು ಎಡೆಯನ್ನೇ ಕೊಡುವುದಿಲ್ಲ.

ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಓದಿ ಬೆಳೆದ ನಮಗೆ ಈ ಇಕ್ಕಟ್ಟು ಹೊಸದಲ್ಲ. ಕವಿ ಬರೆದ ಮೂಲಪಾಠವನ್ನು ಮುಟ್ಟಬೇಕೆಂಬ ಹಂಬಲದಲ್ಲಿ ಸಂಪಾದಕ ಲಿಪಿಕಾರರ ಕೈವಾಡವನ್ನು ಒರೆಸುತ್ತಾ ಹೋಗುತ್ತಾನೆ. ಆ ಲಿಪಿಕಾರ ನಕಲು ಮಾಡದಿದ್ದರೆ ಕಾವ್ಯವೇ ನಮಗೆ ತಲುಪುತ್ತಿರಲಿಲ್ಲ. ಬನಾರಸ್ ಈ ವಿಮಾನದ ಲಿಪಿಕಾರ. ಯುದ್ಧ ಮುಗಿದ ಮೇಲೆ ಸಾವಿರಾರು ಹರಿಕೇನ್‌ಗಳು ಗುಜರಿಗೆ ಹೋದವು. ಪಾಠದ ಸಾಮಗ್ರಿಯಾಗಿ ಮೂಲೆ ಸೇರಿದ್ದರಿಂದಲೇ ಇದು ಉಳಿಯಿತು. ಆದರೆ ಒಳ್ಳೆಯ ಸಂಪಾದಕ ತಾನು ಕೈಬಿಟ್ಟದ್ದನ್ನು ಅಡಿಟಿಪ್ಪಣಿಯಲ್ಲಿ ಪಾಠಾಂತರವಾಗಿ ಕೊಡುತ್ತಾನೆ. ಓದುಗ ಬೇಕಾದರೆ ಅವನ ತೀರ್ಮಾನವನ್ನು ಪ್ರಶ್ನಿಸಬಹುದು. ವಿಮಾನಕ್ಕೆ ಅಡಿಟಿಪ್ಪಣಿ ಎಲ್ಲಿದೆ?

ಏನನ್ನೂ ಮುಟ್ಟದೆ ಬಿಡುವ ದಾರಿಯೂ ಇದೆ. 1942ರಲ್ಲಿ ನಾರ್ವೆಯ ಹೆಪ್ಪುಗಟ್ಟಿದ ಸರೋವರದ ಮೇಲಿಳಿದು ಮುಳುಗಿದ ಹ್ಯಾಲಿಫ್ಯಾಕ್ಸ್ ಬಾಂಬರನ್ನು 1973ರಲ್ಲಿ ಮೇಲೆತ್ತಿ, ಬಹುಮಟ್ಟಿಗೆ ಸಿಕ್ಕ ಸ್ಥಿತಿಯಲ್ಲೇ ಲಂಡನ್ನಿನ ವಾಯುಪಡೆ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಓಲೆಗರಿಯನ್ನು ಅದರ ಹುಳುಕಿನ ಸಮೇತ ಅಚ್ಚು ಹಾಕಿದಂತೆ. ಆದರೆ ಅದು ಇನ್ನೆಂದೂ ಹಾರದು. ಹರಿಕೇನಿನ ಹಿಂಬದಿಯ ಮೈಗೆ ಹೊದಿಸುವುದೇ ಬಟ್ಟೆ. ಹಾರಬೇಕಾದರೆ ಹೊಸ ಬಟ್ಟೆ, ಅದರ ಮೇಲೆ ಹೊಸ ಬಣ್ಣ ಬೇಕೇ ಬೇಕು. ಬಣ್ಣ ಬಳಿಯಬೇಕೆಂದ ಮೇಲೆ ಯಾವುದಾದರೂ ಒಂದು ದಿನವನ್ನು ಆರಿಸಲೇಬೇಕು.

ಆದ್ದರಿಂದ ನನ್ನ ತಕರಾರು ಆಯ್ಕೆಯ ಬಗ್ಗೆ ಅಲ್ಲ, ಆಯ್ಕೆಯನ್ನು ‘ನಿಖರತೆ’ ಎಂಬ ಮಾತಿನ ಹಿಂದೆ ಮರೆಮಾಡುವುದರ ಬಗ್ಗೆ. ಲಾಂಛನದ ವ್ಯಾಸ, ಹಸಿರಿನ ಛಾಯೆ, ಅಕ್ಷರದ ಎತ್ತರ ಇವೆಲ್ಲ ಸರಿಯೋ ತಪ್ಪೋ ಎಂದು ಅಳೆದು ಹೇಳಬಹುದು. 1940ರ ಸೆಪ್ಟೆಂಬರ್ ಮುಖ್ಯ, ಬನಾರಸಿನ 54 ವರ್ಷ ಅಮುಖ್ಯ ಎಂಬುದನ್ನು ಯಾವ ಅಳತೆಪಟ್ಟಿಯೂ ಹೇಳುವುದಿಲ್ಲ. ಅದು ಮೌಲ್ಯದ ತೀರ್ಮಾನ, ಅದಕ್ಕೆ ಯಾರಾದರೂ ಸಹಿ ಹಾಕಬೇಕು.

ಹಸ್ತಪ್ರತಿಯೊಂದರ ಅಂಚಿನಲ್ಲಿ ಯಾರೋ ತಮ್ಮ ಮನೆಯ ಸಾಲದ ಲೆಕ್ಕ ಬರೆದಿಟ್ಟಿದ್ದನ್ನು ಕಳೆದ ವರ್ಷ ನನ್ನ ಪ್ರತಿಯಿಂದ ಸುಮ್ಮನೆ ಕೈಬಿಟ್ಟಿದ್ದೆ. ಕಾವ್ಯಕ್ಕೆ ಅದು ಸಂಬಂಧವಿಲ್ಲವೆಂದು ಆಗ ಅನಿಸಿತ್ತು. ಈಗ ಅದನ್ನು ಅನುಬಂಧದಲ್ಲಿ ಸೇರಿಸಿದ್ದೇನೆ. ಆ ಗರಿಗಳನ್ನು ಇಷ್ಟು ಕಾಲ ಜೋಪಾನ ಮಾಡಿದ್ದು ಆ ಮನೆಯವರೇ.