ಗುಜರಿಯವನ ತಕ್ಕಡಿ, ಸಂಗ್ರಹಾಲಯದ ಚೀಟಿ

ಹಳೆಯ ವಸ್ತುಗಳಿಗೆ ಈಗ ಒಳ್ಳೆಯ ಕಾಲ ಬಂದಿದೆ. ಅವುಗಳನ್ನು ಬಳಸಿ ಬದುಕಿದವರಿಗಾಗಲಿ, ಹೊತ್ತು ತಂದು ಮಾರುವವರಿಗಾಗಲಿ ಅಂಥ ಕಾಲ ಬಂದಂತಿಲ್ಲ. ಮೈಸೂರಿನಿಂದ ಹುಣಸೂರಿನ ಕಡೆ ಹೋಗುವ ರಸ್ತೆಯಲ್ಲಿ, ನಮ್ಮ ಇಲವಾಲದ ಆಸುಪಾಸಿನ ಊಟದ ಮನೆಗಳ, ಹೊಸ ಬಂಗಲೆಗಳ ಅಂಗಳ ನೋಡಿದರೆ ಈ ಮಾತು ಗೊತ್ತಾಗುತ್ತದೆ. ಬೀಸುವ ಕಲ್ಲು ಹುಲ್ಲುಹಾಸಿನ ಮೇಲೆ ಕುಳಿತಿದೆ. ಎತ್ತಿನ ಗಾಡಿಯ ಚಕ್ರ ಗೋಡೆಗೆ ಒರಗಿದೆ. ಒಂದು ಕಡೆ ಸೇರು, ಪಾವು, ಚಟಾಕುಗಳನ್ನು ಸಾಲಾಗಿ ಗಾರೆಯಲ್ಲಿ ಹೂತು ಮೇಲೆ ವಾರ್ನಿಷ್ ಬಳಿದಿದ್ದಾರೆ. ನೋಡಲು ಚೆನ್ನಾಗಿದೆ. ಆದರೆ ಇವು ಯಾರ ಮನೆಯವು, ಆ ಮನೆಯನ್ನು ಏಕೆ ಬಿಟ್ಟವು ಎಂದು ಕೇಳಿದರೆ ಸಿಗುವುದು ಒಂದೇ ಉತ್ತರ: "ಗುಜರಿಯಲ್ಲಿ ಸಿಕ್ಕಿತು."

ಈ 'ಸಿಕ್ಕಿತು' ಎಂಬ ಮಾತನ್ನು ಸ್ವಲ್ಪ ವಿಮರ್ಶೆ ಮಾಡಬೇಕಾಗಿದೆ. ಗುಜರಿಯಲ್ಲಿ ಯಾವುದೂ ತಾನಾಗಿ ಸಿಗುವುದಿಲ್ಲ. ಯಾರೋ ಸಾಲಕ್ಕೋ, ಮದುವೆಗೋ, ಆಸ್ಪತ್ರೆಯ ಖರ್ಚಿಗೋ ಅದನ್ನು ಮಾರಿರುತ್ತಾರೆ. ಇನ್ಯಾರೋ ಬಿಸಿಲಲ್ಲಿ ಬೀದಿ ಸುತ್ತಿ ಕೊಂಡಿರುತ್ತಾರೆ. ಉರ್ದುವಿನಲ್ಲಿ 'ಗುಜರ್‌ನಾ' ಎಂದರೆ ಹಾದುಹೋಗುವುದು. ದಾರಿಬದಿಯಲ್ಲಿ ಸಂಜೆ ಸೇರುವ ಸಂತೆಗೆ 'ಗುಜ್ರಿ' ಎಂಬ ಹೆಸರು ಹಳೆಯ ಉರ್ದು ನಿಘಂಟುಗಳಲ್ಲಿದೆ. ಕನ್ನಡದಲ್ಲಿ ಅದು ಕೆಲಸಕ್ಕೆ ಬಾರದ ಸಾಮಾನಿನ ಹೆಸರಾಯಿತು. ವಸ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹಾದುಹೋಗುವ ಜಾಗ ಎಂಬ ಮೂಲ ಅರ್ಥ ಮರೆತುಹೋಯಿತು. ಅರ್ಥದ ಜೊತೆಗೆ ಅಲ್ಲಿ ನಿಂತಿರುವ ಮನುಷ್ಯನೂ ಮರೆತುಹೋದ.

ಮೈಸೂರಿನಲ್ಲಿ ಈ ಕಸುಬಿನಲ್ಲಿರುವವರಲ್ಲಿ ಬಹಳಷ್ಟು ಮಂದಿ ಮುಸ್ಲಿಮರು. ಅವರ ವಿದ್ಯೆಯನ್ನು ಯಾರೂ ವಿದ್ಯೆ ಎನ್ನುವುದಿಲ್ಲ. ಬೆರಳ ಗೆಣ್ಣಿನಿಂದ ಪಾತ್ರೆಯನ್ನೊಮ್ಮೆ ತಟ್ಟಿ ಇದು ತಾಮ್ರ ಸತು ಬೆರೆತ ಹಿತ್ತಾಳೆ, ಇದು ತಾಮ್ರ ತವರ ಬೆರೆತ ಕಂಚು ಎಂದು ನಾದದಲ್ಲೇ ಹೇಳಬಲ್ಲರು. ತಕ್ಕಡಿಗೆ ತೂಕ ಮಾತ್ರ ಗೊತ್ತು. ಕುಸುರಿ ಕೆಲಸ ಅದಕ್ಕೆ ಕಾಣುವುದಿಲ್ಲ. ನೂರು ಪಾತ್ರೆಗಳು ಕುಲುಮೆಯ ದಾರಿ ಹಿಡಿದಾಗ ಅಂಚಿನ ನಕ್ಕಾಶಿ ಕಂಡು ಒಂದನ್ನು ಬದಿಗೆ ಎತ್ತಿಡುವವನು ಗುಜರಿಯವನೇ. ಇದು ಉಳಿಯಬೇಕು ಎಂಬ ಮೊದಲ ತೀರ್ಮಾನ ಅವನದು. ಸಂಗ್ರಹಕಾರರು, ವಿದ್ವಾಂಸರು ಬರುವುದು ಆಮೇಲೆ. ಆದರೆ ಎಲ್ಲಾದರೂ ಗುಡಿಯ ಗಂಟೆ ಕಳುವಾದರೆ ವಿಚಾರಣೆ ಮಾತ್ರ ಮೊದಲು ಅವನ ಅಂಗಡಿಯಲ್ಲಿ. ಕೊಂಡುಹೋದ ದೊಡ್ಡವರನ್ನು ಯಾರೂ ಕೇಳುವುದಿಲ್ಲ.

ವಸ್ತುಗಳು ಮನೆ ಬಿಡುವುದಕ್ಕೆ ಬಡತನವೊಂದೇ ಕಾರಣವಲ್ಲ, ಚರಿತ್ರೆಯೂ ಕಾರಣ. ಗೋಡೆಗೆ ಅಂಟಿಸಿದ ಆ ಸೇರು ಪಾವುಗಳನ್ನೇ ನೋಡಿ. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂತು. ಮುಂದಿನ ಕೆಲವು ವರ್ಷಗಳಲ್ಲಿ ದೇಶವೆಲ್ಲ ಕಿಲೋ, ಲೀಟರಿಗೆ ಹೊಂದಿಕೊಂಡಿತು. ಊರಿಂದೂರಿಗೆ ಬದಲಾಗುತ್ತಿದ್ದ ಸೇರು, ಕೊಳಗಗಳು ಅಂಗಡಿಯಿಂದ ಹೊರಬಿದ್ದವು. ಜಮೀನ್ದಾರನ ಕೊಳಗ ದೊಡ್ಡದು, ಕೂಲಿ ಅಳೆಯುವ ಸೇರು ಚಿಕ್ಕದು ಎಂಬ ಮಾತು ಹಳ್ಳಿಗಳಲ್ಲಿ ಇತ್ತು. ಅಂಥ ಅಳತೆಗಳು ಹೋದದ್ದಕ್ಕೆ ಬಡವರು ಅತ್ತಿರಲಾರರು. ಇಂದು ಅದೇ ಸೇರನ್ನು 'ನಮ್ಮ ಸುಂದರ ಗತಕಾಲ' ಎಂದು ತೂಗುಹಾಕುವವರಿಗೆ ಈ ಸಂಗತಿ ತಿಳಿದಿರಬೇಕು.

ನೆಲದ ಕಥೆಯೂ ಹೀಗೆಯೇ. ಭೂಮಿಯ ಪ್ರಶ್ನೆಗೆ ಇಲವಾಲದ ಹೆಸರು ಅಂಟಿಕೊಂಡಿದೆ. 1957ರ ಸೆಪ್ಟೆಂಬರಿನಲ್ಲಿ ವಿನೋಬಾ ಅವರ ಗ್ರಾಮದಾನ ಚಳವಳಿಯ ಬಗ್ಗೆ ಸರ್ವಪಕ್ಷಗಳ ಸಮಾವೇಶ ನಡೆದದ್ದು ಇಲ್ಲಿ. ನೆಹರೂ ಬಂದಿದ್ದರು, ರಾಜೇಂದ್ರ ಪ್ರಸಾದ್ ಬಂದಿದ್ದರು, ಕಮ್ಯುನಿಸ್ಟ್ ನಾಯಕ ನಂಬೂದಿರಿಪಾಡರೂ ಬಂದಿದ್ದರು. ದಾನದಿಂದ ಆಗದ್ದನ್ನು ಸ್ವಲ್ಪವಾದರೂ ಮಾಡಿದ್ದು ಕಾನೂನು. ಇದೇ ರಸ್ತೆಯ ಮುಂದಿನ ಊರಾದ ಹುಣಸೂರಿನಿಂದ ಬಂದ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1974ರ ತಿದ್ದುಪಡಿಯಿಂದ ಗೇಣಿದಾರರು ಭೂಮಿಯ ಒಡೆಯರಾದರು. ಗೇಣಿಯ ಆದಾಯ ನಿಂತ ಮೇಲೆ ದೊಡ್ಡ ಮನೆಗಳನ್ನು ನೋಡಿಕೊಳ್ಳುವುದು ಕಷ್ಟವಾಯಿತು. ಕರಾವಳಿಯಲ್ಲಂತೂ ಕೆತ್ತನೆಯ ಕಂಬ, ಬಾಗಿಲುಗಳು ಮರಮುಟ್ಟಿನ ಬೆಲೆಗೆ ಹೋದವು.

ಅವುಗಳನ್ನು ಉಳಿಸಿದವರಲ್ಲಿ ಮಣಿಪಾಲದ ವಿಜಯನಾಥ ಶೆಣೈಯವರ ಹೆಸರು ದೊಡ್ಡದು. 2017ರಲ್ಲಿ ತೀರಿಕೊಂಡ ಶೆಣೈಯವರು ಬ್ಯಾಂಕಿನ ಉದ್ಯೋಗಿಯಾಗಿದ್ದವರು. ಕೆಡವಲು ನಿಂತ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ಹಸ್ತಶಿಲ್ಪ ಗ್ರಾಮವನ್ನು ಕಟ್ಟಿದರು. ಅವರ ಹಟ ಇಲ್ಲದಿದ್ದರೆ ಆ ತೊಲೆಗಳು ಎಂದೋ ಸೌದೆಯಾಗುತ್ತಿದ್ದವು. ಇಷ್ಟು ಕೃತಜ್ಞತೆಯಿಂದ ಹೇಳಿಯೂ ಒಂದು ಪ್ರಶ್ನೆ ಉಳಿಯುತ್ತದೆ. ಅಲ್ಲಿ ಮನೆ ಉಳಿಯಿತು, ನೆರೆಹೊರೆ ಉಳಿಯಲಿಲ್ಲ. ಮುಸ್ಲಿಮರ ಬದುಕು ಅಲ್ಲಿ ಎದ್ದು ಕಾಣುವುದು ದಖನಿ ನವಾಬ್ ಮಹಲಿನ ಮೂಲಕ. ನವಾಬರು ಎಷ್ಟು ಮಂದಿ ಇದ್ದರು? ಬೀಡಿ ಸುತ್ತುವವಳ ಮನೆಯಲ್ಲೂ ತಗಡಿನದಾದರೂ ಒಂದು ಪಾನ್‌ದಾನ್ ಇರುತ್ತಿತ್ತು. ಅದು ಎಲ್ಲಿ ಹೋಯಿತು? ಬದ್ನಾ, ದೇಗ್ಚಿ, ಉಗಾಲ್‌ದಾನ್‌ಗಳು ಹಳೆ ಸಾಮಾನಿನ ಅಂಗಡಿಗೆ ಬಂದ ಕೂಡಲೇ 'ನವಾಬಿ ಕಾಲದ್ದು' ಎಂದಾಗಿಬಿಡುತ್ತವೆ. ಪಕ್ಕದ ಬೀದಿಯವರ ವಸ್ತು ದೂರದ ದೇಶದ್ದಾಗಿ ಕಾಣುತ್ತದೆ.

ಮೈಸೂರಿನಲ್ಲೇ ಇನ್ನೊಂದು ಮಾದರಿ ಇದೆ. ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸ ಅರಮನೆಯಲ್ಲಿರುವ ಜಾನಪದ ವಸ್ತುಸಂಗ್ರಹಾಲಯ 1960ರ ದಶಕದ ಕೊನೆಯಲ್ಲಿ ಶುರುವಾದದ್ದು. ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅವರಂಥವರ ದುಡಿಮೆ ಅದರ ಹಿಂದಿದೆ. ರಾಜಕುಮಾರಿಗೆಂದು ಕಟ್ಟಿದ ಅರಮನೆಯಲ್ಲಿ ಒಕ್ಕಲಿಗರ, ಕುರುಬರ, ಬೊಂಬೆಯಾಟದವರ ಸಾಮಾನು ಬಂದು ಕುಳಿತದ್ದು ಸಣ್ಣ ಸಂಗತಿಯಲ್ಲ. ಬೆಲೆಬಾಳುವುದು ಮಾತ್ರ ಸಂಗ್ರಹಕ್ಕೆ ಯೋಗ್ಯ ಎಂಬ ಭ್ರಮೆಯನ್ನು ಅದು ಮುರಿಯಿತು. ಅಂಗಡಿಯ ಅಲಂಕಾರಕ್ಕೂ ಸಂಗ್ರಹಾಲಯಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಅಲಂಕಾರಕ್ಕೆ ವಸ್ತುವಿನ ಆಕಾರ ಸಾಕು. ಸಂಗ್ರಹಾಲಯಕ್ಕೆ ಅದರ ಹೆಸರು, ಕೆಲಸ, ಊರು ಬೇಕು.

ದುರಸ್ತಿಯ ವಿಷಯದಲ್ಲಿ ನಾವು ಇನ್ನೂ ಒರಟರು. ಬಿದರಿ ಹೂಜಿಯನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜುವವರಿದ್ದಾರೆ. ಬಿದರಿಯ ಕಪ್ಪು ಕೊಳೆಯಲ್ಲ. ಸತುವಿನ ಆ ಮಿಶ್ರಲೋಹಕ್ಕೆ ಬೀದರ್ ಕೋಟೆಯ ಮಣ್ಣು, ನವಸಾಗರ ಬೆರೆಸಿ ತಂದ ಬಣ್ಣ ಅದು. ಬೆಳ್ಳಿಯ ಗೆರೆ ಹೊಳೆಯುವುದೇ ಆ ಕಪ್ಪಿನ ಆಸರೆಯಲ್ಲಿ. ಹಳೆಯ ಬೀಟೆ ಮರದ ಪೆಟ್ಟಿಗೆಯನ್ನು ಯಂತ್ರದಲ್ಲಿ ಉಜ್ಜಿದರೆ ಮಂಡಿ ಮೊಹಲ್ಲಾದ ಕುಶಲಿಗಳು ಕೂರಿಸಿದ ತೆಳುವಾದ ಹೂಬಳ್ಳಿಯೂ ಪುಡಿಯಾಗಿ ಹೋಗುತ್ತದೆ. ಅರಗಿನ ಪಾಲಿಶ್ ಆದರೆ ಸ್ಪಿರಿಟ್ಟಿನಿಂದ ಮತ್ತೆ ತೆಗೆಯಬಹುದು. ಇಂದಿನ ಗಟ್ಟಿ ವಾರ್ನಿಷ್ ತೆಗೆಯುವುದು ಕಷ್ಟ. ಮುಂದಿನವರು ಬೇಕೆಂದರೆ ತೆಗೆಯಬಹುದಾದ ದುರಸ್ತಿಯೇ ಒಳ್ಳೆಯ ದುರಸ್ತಿ.

ಎಲ್ಲಕ್ಕಿಂತ ದೊಡ್ಡ ನಷ್ಟ ಹೆಸರುಗಳದು. ನಮ್ಮ ಕಡೆ ತಾಮ್ರ, ಹಿತ್ತಾಳೆ ಪಾತ್ರೆ ಕೊಂಡಾಗ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸುವ ರೂಢಿ ಇತ್ತು. ತವರಿನವರು ಕೊಟ್ಟದ್ದಾದರೆ ಮಗಳ ಹೆಸರು. ಕೆಲವದರಲ್ಲಿ ಕನ್ನಡ, ಕೆಲವದರಲ್ಲಿ ಉರ್ದು. ಜಮೀನಿನ ಪಹಣಿಯಲ್ಲಿ, ಮನೆಯ ಖಾತೆಯಲ್ಲಿ ಆ ಹೆಣ್ಣುಮಕ್ಕಳ ಹೆಸರು ಇರಲಿಲ್ಲ. ಶರೀಯತ್ತು ಕೊಟ್ಟ ಪಾಲನ್ನೂ ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟವರೇ ಹೆಚ್ಚು. ಇದು ನನ್ನದು ಎಂದು ಅವರ ಹೆಸರು ಬರೆದದ್ದು ಒಂದು ಕೊಡಪಾನದ ಮೇಲೆ ಮಾತ್ರ. ಸ್ಟೀಲು, ಅಲ್ಯೂಮಿನಿಯಂ ಬಂದ ಮೇಲೆ ಆ ಕೊಡಪಾನವನ್ನು ಮಾರುವಾಗಲೂ ಎಷ್ಟೋ ಮನೆಗಳಲ್ಲಿ ಅವರನ್ನು ಕೇಳಲಿಲ್ಲ. ಈಗ ಹೊಳಪಿನ ಆಸೆಗೆ ಪಾಲಿಶ್ ಚಕ್ರಕ್ಕೆ ಹಿಡಿದಾಗ ಮೊದಲು ಅಳಿಯುವುದು ಆ ಚುಕ್ಕಿಗಳೇ.

ಕಲಾಯಿಯವರನ್ನು ನೋಡಿ ಕಲಿಯಬೇಕು. ಅವರು ಪಾತ್ರೆ ತೊಳೆದು, ಇದ್ದಿಲ ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ತುಂಡನ್ನು ಮುಟ್ಟಿಸಿ ಅರಳೆಯಿಂದ ಒರೆಸುತ್ತಾರೆ. ಕ್ಷಣದಲ್ಲಿ ಒಳಮೈ ಬೆಳ್ಳಗಾಗುತ್ತದೆ. ಅವರ ಕೆಲಸ ಒಳಗೆ, ಹುಳಿಗೆ ತಾಮ್ರ ಬಿಡದಂತೆ, ಉಣ್ಣುವವರ ಹೊಟ್ಟೆಯ ಸಲುವಾಗಿ. ಹೊರಗಿನ ಹೆಸರನ್ನು ಅವರು ಮುಟ್ಟುವುದಿಲ್ಲ. ಅವರ ತಿದಿ, ಇಕ್ಕಳಗಳನ್ನು ಯಾವ ಊಟದ ಮನೆಯ ಗೋಡೆಯಲ್ಲೂ ನಾನು ಕಂಡಿಲ್ಲ. ದುರಸ್ತಿಯಾದದ್ದಕ್ಕೆ ಗೋಡೆ ಉಂಟು, ದುರಸ್ತಿ ಮಾಡಿದ್ದಕ್ಕೆ ಇಲ್ಲ.

ಹಾಗಾದರೆ ಸಂಗ್ರಹವೇ ಬೇಡವೇ? ಖಂಡಿತ ಬೇಕು. ಗೋಡೆಯ ಮೇಲಾದರೂ ಇರಲಿ, ಕರಗಿ ಹೋಗುವುದಕ್ಕಿಂತ ಅದು ಮೇಲು. ಆದರೆ ಪ್ರತಿ ವಸ್ತುವಿನ ಕೆಳಗೆ ಒಂದು ಚೀಟಿ ಇರಲಿ: ಯಾವ ಊರಿನದು, ಯಾವ ಕೆಲಸದ್ದು, ಯಾವ ಗುಜರಿಯವರಿಂದ ಬಂತು, ಯಾರು ಸರಿಮಾಡಿದರು. ಇದು ಭಾವುಕತೆಯ ಮಾತಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕೃತಿಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಶಿಲ್ಪ, ಚಿತ್ರಪಟಗಳಂಥವಕ್ಕೆ ನೋಂದಣಿ ಬೇಕು. ಬಂದ ದಾರಿ ಬರೆದಿಟ್ಟರೆ ಕಳ್ಳಮಾಲು ಬೇರೆಯಾಗುತ್ತದೆ, ಪ್ರಾಮಾಣಿಕ ವ್ಯಾಪಾರಿಯ ಮೇಲಿನ ಅನುಮಾನ ನೀಗುತ್ತದೆ. ಅವನಿಗೂ ಒಂದು ರಸೀದಿ ಪುಸ್ತಕ ಬೇಕು, ನಮ್ಮ ಹುಡುಗರಿಗೆ ಅದನ್ನು ಕಲಿಸುವವರೂ ಬೇಕು.

ಇಲವಾಲದ ಸುತ್ತ ಹೊಲಗಳು ಬಡಾವಣೆಗಳಾಗುತ್ತಿವೆ, ತೊಟ್ಟಿ ಮನೆಗಳು ಬೀಳುತ್ತಿವೆ. ಇನ್ನೂ ಬಹಳಷ್ಟು ಸಾಮಾನು ತಕ್ಕಡಿಗೆ ಬರಲಿದೆ. ಕೊಳ್ಳುವವರು ಪಾತ್ರೆಯನ್ನು ಒಮ್ಮೆ ತಿರುಗಿಸಿ ಅಂಚು ನೋಡಲಿ. ಅಲ್ಲಿ ಹೆಸರಿದ್ದರೆ ಉಜ್ಜುವ ಮೊದಲು ಓದಲಿ. ಓದಲು ಬಾರದ ಲಿಪಿಯಾದರೆ, ಓದಬಲ್ಲವರು ಪಕ್ಕದ ಬೀದಿಯಲ್ಲೇ ಇದ್ದಾರೆ.