ಬೇರು ತಲುಪದಲ್ಲಿಗೆ ಚಾಚುವ ಎಳೆ

ಏಂಜೆಲಾ ಹಾಡ್ಜ್, ಕಾಲಿನ್ ಕ್ಯಾಂಪ್‌ಬೆಲ್ ಮತ್ತು ಅಲಸ್ಟೇರ್ ಫಿಟ್ಟರ್ 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧ ಇಂದಿಗೂ ಮರು ಓದಿಗೆ ತಕ್ಕದ್ದು. ಗಿಡದ ಬೇರಿನೊಳಗೆ ನೆಲೆಸಿ ಮಣ್ಣಿಗೆ ಎಳೆ ಚಾಚುವ ಬೇರುಶಿಲೀಂಧ್ರವೆಂದರೆ ಮುಖ್ಯವಾಗಿ ರಂಜಕ ತಂದುಕೊಡುವ ಜೀವಿ ಎಂದೇ ಆವರೆಗೆ ನಂಬಿಕೆ. ಕೊಳೆಯುವ ಹುಲ್ಲಿನಿಂದ ಅದು ಸಾರಜನಕವನ್ನೂ ತರಬಲ್ಲದೇ ಎಂದು ಇವರು ಕೇಳಿದರು.

ಪ್ರಯೋಗದ ಸೊಗಸಿರುವುದು ಅದರ ಕಟ್ಟಿನಲ್ಲಿ. ಒಂದು ಕಡೆ ಗಿಡದ ಬೇರು, ಇನ್ನೊಂದು ಕಡೆ ರೈಗ್ರಾಸ್ ಹುಲ್ಲಿನ ಎಲೆ. ನಡುವಿನ ಜಾಲರಿಯಲ್ಲಿ ಬೇರು ನುಸುಳದು, ಶಿಲೀಂಧ್ರದ ಎಳೆ ನುಸುಳುತ್ತದೆ. ಎಲೆಯ ಸಾರಜನಕಕ್ಕೆ ಐಸೊಟೋಪಿನ ಗುರುತು ಹಾಕಲಾಗಿತ್ತು. ಎಳೆಗಳು ದಾಟಿ ಹೋದಲ್ಲಿ ಎಲೆ ಬೇಗ ಕೊಳೆಯಿತು. ಗುರುತಿನ ಸಾರಜನಕ ಗಿಡಕ್ಕೆ ಬಂತು.

ಆದರೆ ಕೊರತೆಯೂ ಇದೆ. ಗಿಡವಾಗಿ ಬಳಸಿದ್ದು ಪ್ಲಾಂಟಾಗೊ, ಅದು ಹುಲ್ಲಲ್ಲ. ಇಲ್ಲಿ ಹುಲ್ಲು ಉಣಿಸಾಗಿತ್ತೇ ಹೊರತು ಉಣ್ಣುವ ಗಿಡವಾಗಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಹುಲ್ಲಿನ ಕುಲದ್ದೇ ಆದ ಭತ್ತ. ಶಿಲೀಂಧ್ರ ಬೇರು ಸೇರಿದಾಗ ಚುರುಕಾಗುವ ನೈಟ್ರೇಟ್ ಸಾಗಣೆಯ ಜೀನೊಂದನ್ನು ಚೀನಾದ ಸಂಶೋಧಕರು 2020ರಲ್ಲಿ ವಿವರಿಸಿದರು. ಅವರ ಪ್ರಯೋಗದಲ್ಲಿ ಬೇರು ಪಡೆದ ಸಾರಜನಕದ ಸುಮಾರು ಶೇಕಡಾ 42 ಶಿಲೀಂಧ್ರದ ಹಾದಿಯಿಂದ ಬಂದಿರಬಹುದೆಂಬ ಅಂದಾಜಿತ್ತು. ಅದು ಪ್ರಯೋಗದ ಅಂಕಿ, ಪ್ರತಿ ಗದ್ದೆಗೂ ಹಾಗೇ ಹೊಂದುವುದಿಲ್ಲ.

ಇನ್ನೊಂದು ಎಚ್ಚರವೂ ಬೇಕು. 2013ರಲ್ಲಿ ಇಂಥ ಶಿಲೀಂಧ್ರವೊಂದರ ಜೀನೋಮ್ ಓದಿದಾಗ, ಸಸ್ಯದ ಕೋಶಭಿತ್ತಿಯನ್ನು ಒಡೆಯುವ ಕಿಣ್ವಗಳ ಜೀನುಗಳು ಅದರಲ್ಲಿ ಕಾಣಲಿಲ್ಲ. ಎಂದರೆ ಕೊಳೆಸುವ ಕೆಲಸ ಹೆಚ್ಚಾಗಿ ಮಣ್ಣಿನ ಬೇರೆ ಸೂಕ್ಷ್ಮಜೀವಿಗಳದು. ಬಿಡುಗಡೆಯಾದದ್ದನ್ನು ಹೊತ್ತು ತರುವುದು ಶಿಲೀಂಧ್ರದ್ದು. ತಾನೂ ಉಣ್ಣುವ ಜೀವಿ ಅದು. ಕೊರತೆಯಿದ್ದಾಗ ಗಿಡಕ್ಕಿಂತ ಮೊದಲು ತನಗೇ ಇಟ್ಟುಕೊಳ್ಳಬಹುದು.

ನಮ್ಮ ರಾಗಿ, ಜೋಳ, ಕಬ್ಬು ಎಲ್ಲವೂ ಹುಲ್ಲಿನ ಬಳಗವೇ. ಹಾಗಾಗಿ ‘ವ್ಯಾಮ್’ ಹೆಸರಿನಲ್ಲಿ ಇದೇ ಬಗೆಯ ಬೇರುಶಿಲೀಂಧ್ರದ ಚೀಲ ಕೊಳ್ಳುವ ರೈತರಿಗೂ ಈ ಪ್ರಬಂಧ ಸಲ್ಲುತ್ತದೆ. ಶಿಲೀಂಧ್ರ ಸಾರಜನಕವನ್ನು ಹುಟ್ಟಿಸುವುದಿಲ್ಲ. ಗಾಳಿಯಿಂದ ಹಿಡಿಯುವುದು ಅವರೆ, ತೊಗರಿಯ ಬೇರುಗಂಟಿನ ಬ್ಯಾಕ್ಟೀರಿಯ. ತಿಪ್ಪೆಗೊಬ್ಬರ, ಸೊಪ್ಪು ಕಾಣದ ಹೊಲಕ್ಕೆ ಈ ಚೀಲ ಸುರಿದರೆ ಸರಕಿಲ್ಲದ ಊರಿಗೆ ಗಾಡಿ ಕಳಿಸಿದಂತೆ. ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು ಬಿಡುತ್ತಿದ್ದ ಹಿರಿಯರು ಆ ಗಾಡಿಗೆ ಸರಕನ್ನು ಹೊಲದಲ್ಲೇ ಒದಗಿಸುತ್ತಿದ್ದರು. ಅವರ ಬೇಸಾಯದ ಬೆಲೆ ಈ ಪ್ರಬಂಧ ಓದಿದ ಮೇಲೆ ನನಗೆ ಇನ್ನಷ್ಟು ಹೆಚ್ಚಾಗಿದೆ.